ಬ್ಯಾಟರಿಗೆ ಸಿಂಗಳೀಕದ ಕಾಡೇ ಬೇಕೆ?

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪರ ನಿಂತವರದು ಒಂದೇ ರಾಗ: ಹೊಸ ಅಣೆಕಟ್ಟಿಲ್ಲ, ಹೊಸ ಮುಳುಗಡೆಯಿಲ್ಲ, ಎಲ್ಲವೂ ಸುರಂಗದೊಳಗೆ, ಹೋಗುವುದು ಸುಮಾರು 54 ಹೆಕ್ಟೇರ್ ಕಾಡು ಮಾತ್ರ. ಮೊದಲು ಈ ಲೆಕ್ಕವನ್ನೇ ನೋಡೋಣ.

ಈ ಕಾಡಿನ ಸಿಂಗಳೀಕ ಎಂಬ ಕೋತಿ ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ದಾಟುತ್ತಲೇ ಅದರ ಹೊತ್ತು ಹೋಗುತ್ತದೆ. ಉಪ್ಪಾಗೆ ಹಣ್ಣಾದಾಗ ಗುಂಪು ಆ ಮರಗಳನ್ನು ಹುಡುಕಿಕೊಂಡು ಬರುತ್ತದೆ. ಅದೇ ಉಪ್ಪಾಗೆ ಸಿಪ್ಪೆಯನ್ನು ಒಣಗಿಸಿ ಮಾರಿ ಸುತ್ತಲಿನ ಊರವರೂ ನಾಲ್ಕು ಕಾಸು ಕಾಣುತ್ತಾರೆ. ಇಂಥ ಕಾಡಿನ ನಡುವೆ ಟಿಪ್ಪರ್ ಓಡಾಡುವ ರಸ್ತೆ ಸೀಳಿದರೆ ಕಡತದಲ್ಲಿ ಕಳೆದದ್ದು ಕೆಲವು ಎಕರೆ. ಆದರೆ ಮರದ ಮೇಲಿನ ದಾರಿ ತುಂಡಾದ ಮೇಲೆ ಆಚೆಯ ಗುಂಪು ಆಚೆಗೇ, ಈಚೆಯದು ಈಚೆಗೇ. ಕಾಡನ್ನು ಹೆಕ್ಟೇರಿನಲ್ಲಿ ಅಳೆಯುವವರಿಗೆ ಇದು ಕಾಣುವುದಿಲ್ಲ. 2019ರಲ್ಲಿ ಈ ಕಣಿವೆಯನ್ನು ಸಿಂಗಳೀಕದ ಹೆಸರಿನಲ್ಲೇ ಅಭಯಾರಣ್ಯವೆಂದು ಘೋಷಿಸಿದ್ದು ರಾಜ್ಯ ಸರ್ಕಾರವೇ. ಈಗ ಅಲ್ಲಿ ಸುರಂಗ ಕೊರೆಯಲು ಹೊರಟಿದ್ದು ಅದೇ ಸರ್ಕಾರದ ವಿದ್ಯುತ್ ನಿಗಮ.

ಇನ್ನು 'ರಾಜ್ಯಕ್ಕೆ ಬೆಳಕು' ಎಂಬ ವಾದ. 2,000 ಮೆಗಾವಾಟ್ ಎಂದೊಡನೆ ಹೊಸ ವಿದ್ಯುತ್ ಹುಟ್ಟುತ್ತದೆಂದು ಜನ ತಿಳಿಯುತ್ತಾರೆ, ಹಾಗೆ ತಿಳಿಯಲಿ ಎಂದೇ ಬಿಡಲಾಗಿದೆ. ಇದು ವಿದ್ಯುತ್ ಹುಟ್ಟಿಸುವ ಯೋಜನೆಯಲ್ಲ, ಬ್ಯಾಟರಿ. ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಏರಿಸುವುದು, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವುದು. ಇಂಥ ವ್ಯವಸ್ಥೆಯಲ್ಲಿ ಏರಿಸಲು ನೂರು ಯೂನಿಟ್ ಖರ್ಚಾದರೆ ಹಿಂದಿರುಗುವುದು ಹೆಚ್ಚೆಂದರೆ ಎಂಬತ್ತರ ಆಸುಪಾಸು. ಪಾವಗಡದ ಸೌರ ವಿದ್ಯುತ್ತು ಸಂಜೆಗೂ ಒದಗಬೇಕಾದರೆ ಅದನ್ನು ಕೂಡಿಡುವ ವ್ಯವಸ್ಥೆ ಬೇಕು, ಒಪ್ಪೋಣ. ಆದರೆ ನದಿಯನ್ನು ಅದು ಹರಿಯುವಲ್ಲೇ ಹಿಡಿಯಬೇಕು, ಬ್ಯಾಟರಿಗೆ ಆ ಕಟ್ಟುಪಾಡಿಲ್ಲ. ಆಂಧ್ರದ ಪಿನ್ನಾಪುರದ ಒಣ ಗುಡ್ಡಗಳಲ್ಲಿ ಇಂಥದೇ ಯೋಜನೆ ಎದ್ದಿದೆ, ಅಲ್ಲಿ ಮಳೆಕಾಡಿಲ್ಲ. ರಾಸಾಯನಿಕ ಬ್ಯಾಟರಿಗಳನ್ನಂತೂ ಸಬ್‌ಸ್ಟೇಷನ್ ಪಕ್ಕದಲ್ಲೇ ಇಡಬಹುದು.

ಹಾಗಿದ್ದೂ ಶರಾವತಿಯೇ ಏಕೆ? ಕೇಳಿದಾಗಲೆಲ್ಲ ಕೊಟ್ಟ ಕಣಿವೆ ಇದು. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿತು. ಸಾವಿರಾರು ಕುಟುಂಬಗಳು ಲಾರಿಯೇರಿ ಎಲ್ಲೆಲ್ಲೋ ಕಾಡಂಚಿಗೆ ಬಂದು ಬಿದ್ದವು. ಆ ಸಂತ್ರಸ್ತರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಅವರಿಗೆ ಸಿಗುವ ಉತ್ತರ: ಇದು ಅರಣ್ಯಭೂಮಿ, ಕಾನೂನು ಬಿಡುವುದಿಲ್ಲ. ನಾಡಿಗೆ ದೀಪ ಹಚ್ಚಿಸಿ ಮನೆ ಕಳೆದುಕೊಂಡವರಿಗೆ ಒಂದೆರಡು ಎಕರೆ ಕೊಡಲು ಅಡ್ಡ ಬರುವ ಕಾನೂನು, ಅಭಯಾರಣ್ಯದೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಮರ ಉರುಳಿಸುವಾಗ ಮಾತ್ರ ಬಾಗುತ್ತದೆ.

ಯೋಜನೆಗೆ ಎದ್ದಿರುವ ವಿರೋಧ ಪೇಟೆಯ ಪರಿಸರವಾದಿಗಳ ಚಿತಾವಣೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್ ಮತ್ತು ಗೇರುಸೊಪ್ಪದ ಅಹವಾಲು ಸಭೆಗಳಲ್ಲಿ ವಿರೋಧಿಸಿದವರಲ್ಲಿ ದೊಡ್ಡ ಪಾಲು ಅಲ್ಲಿನವರದೇ. ಕಣಿವೆಯಲ್ಲಿ ಸ್ಫೋಟ ನಡೆಸಿದರೆ ಗುಡ್ಡ ನಿಲ್ಲುತ್ತದೆಯೇ ಎಂಬುದು ಅವರ ಪ್ರಶ್ನೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು ಗೇರುಸೊಪ್ಪ ಇರುವ ಜಿಲ್ಲೆಯಲ್ಲೇ. ನದಿಯ ಹರಿವು ಏರುಪೇರಾದರೆ ಉಪ್ಪುನೀರು ಮೇಲೆ ಬಂದೀತೆಂಬ ಭಯ ಹೊನ್ನಾವರದ ಕಡೆಯವರದು. ಇದರಲ್ಲಿ ಚಿತಾವಣೆ ಎಲ್ಲಿ ಬಂತು? ಚೋದ್ಯವೆಂದರೆ, ಜನರನ್ನು ಕೇಳುವ ಮೊದಲೇ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಾಗಿತ್ತು. ಮುಹೂರ್ತ ಗೊತ್ತುಮಾಡಿದ ಮೇಲೆ ಹೆಣ್ಣನ್ನು ಕೇಳಿದ ಹಾಗೆ.

ಈ ಪ್ರಸ್ತಾವವನ್ನು ಕೇಂದ್ರದ ಮುಂದಿಟ್ಟದ್ದು ರಾಜ್ಯ ಸರ್ಕಾರ. ಹಿಂಪಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ, ಒಂದು ಪತ್ರ ಸಾಕು. ಕೈ ಬಿಡುವಾದಾಗ ಮುಳುಗಡೆ ಸಂತ್ರಸ್ತರ ಕಡತವನ್ನೂ ಬಿಚ್ಚಲಿ. ಅರವತ್ತು ವರ್ಷದಿಂದ ಅದು ಅದೇ ಮೇಜಿನ ಮೇಲಿದೆ.