ಕಡ ತಂದ ಕಾಲುಗಳು

ನಮ್ಮ ದೇಶದ ಕಾಲ್ಚೆಂಡು ತಂಡ ಸೋತಾಗಲೆಲ್ಲ ಎರಡು ಕೂಗು ಏಳುತ್ತವೆ. ಮೊದಲನೆಯದು, ತರಬೇತುದಾರನನ್ನು ಬದಲಿಸಿರೆಂಬುದು. ಅದನ್ನು ನಾವು ತಪ್ಪದೆ ನಡೆಸಿಕೊಂಡು ಬಂದಿದ್ದೇವೆ. 2024ರಲ್ಲಿ ಕ್ರೊಯೇಷಿಯದ ಸ್ಟಿಮಾಚ್ ಹೋಗಿ ಸ್ಪೇನಿನ ಮಾರ್ಕೆಸ್ ಬಂದರು. 2025ರಲ್ಲಿ ಅವರೂ ಹೋಗಿ ಖಾಲಿದ್ ಜಮೀಲ್ ಬಂದರು. ತಂಡ ಮಾತ್ರ ಇದ್ದಲ್ಲೇ ಇತ್ತು. ಎರಡನೆಯ ಕೂಗು ಈಗ ಜೋರಾಗಿದೆ: ಪರದೇಶಗಳಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದವರನ್ನು ಕರೆತಂದು ಆಡಿಸಿರಿ! ಬೆಂಗಳೂರಿನ ಹೋಟೆಲು ಮೇಜುಗಳ ಸುತ್ತ ವಿದ್ಯಾವಂತರೆಲ್ಲ ಇದನ್ನೇ ಪಠಿಸುತ್ತಿದ್ದಾರೆ. ಈ ಪಾಠಕ್ಕೆ ನನ್ನ ತಕರಾರಿದೆ.

ನಡೆದದ್ದೇನು? 2027ರ ಏಷ್ಯಾ ಕಪ್ಪಿನಲ್ಲಿ 24 ತಂಡಗಳಿಗೆ ಎಡೆಯುಂಟು. 16 ತಂಡಗಳಿಗಿದ್ದ ಬಾಗಿಲನ್ನು 2019ರಲ್ಲೇ ಹೀಗೆ ಅಗಲ ಮಾಡಿದರು. ಆದರೂ ನಾವು ಹೊರಗುಳಿದೆವು. 2025ರ ಮಾರ್ಚಿನಲ್ಲಿ ಶಿಲ್ಲಾಂಗಿನಲ್ಲಿ ಬಾಂಗ್ಲಾದೇಶದೊಡನೆ ಗೋಲಿಲ್ಲದ ಆಟ, ಜೂನಿನಲ್ಲಿ ಹಾಂಕಾಂಗಿನಲ್ಲಿ 0-1 ಸೋಲು, ಸಿಂಗಪುರದಲ್ಲಿ 1-1, ಅಕ್ಟೋಬರ್ 14ರಂದು ಮಡಗಾಂವಿನಲ್ಲಿ, ನಮ್ಮದೇ ಅಂಗಳದಲ್ಲಿ, ಅದೇ ಸಿಂಗಪುರಕ್ಕೆ 1-2ರಿಂದ ಶರಣು. ಅಲ್ಲಿಗೆ ಕತೆ ಮುಗಿಯಿತು. ನವೆಂಬರಿನಲ್ಲಿ ಢಾಕಾದಲ್ಲಿ 0-1ರಿಂದ ಸೋತದ್ದು ಗಾಯದ ಮೇಲಿನ ಬರೆ. ಈ ಅರ್ಹತಾ ಸುತ್ತಿಗೆಂದು, ದೇಶದ ತಂಡದಿಂದ ನಿವೃತ್ತರಾಗಿದ್ದ ಸುನಿಲ್ ಛೇತ್ರಿಯವರನ್ನು 40ನೆಯ ವಯಸ್ಸಿನಲ್ಲಿ ಮತ್ತೆ ಕರೆಯಬೇಕಾಯಿತೆಂಬುದನ್ನು ನೆನೆದರೆ ಸೋಲಿಗಿಂತ ಹೆಚ್ಚು ನಾಚಿಕೆಯಾಗುತ್ತದೆ.

ಎದುರು ಪಕ್ಷದ ವಾದದಲ್ಲಿ ಹುರುಳಿಲ್ಲವೆನ್ನುವುದಿಲ್ಲ. ಹಾಂಕಾಂಗಿನಲ್ಲಿ ನಮ್ಮನ್ನು ಮಣಿಸಿದ ಗೋಲು ಹೊಡೆದವರು ಬ್ರೆಜಿಲಿನಲ್ಲಿ ಹುಟ್ಟಿದ ಪೆರೇರ. ಮಡಗಾಂವಿನಲ್ಲಿ ಸಿಂಗಪುರದ ಎರಡು ಗೋಲುಗಳನ್ನೂ ಹೊಡೆದ ಸಾಂಗ್ ಉಯ್-ಯಂಗ್ ಹುಟ್ಟಿದ್ದು ದಕ್ಷಿಣ ಕೊರಿಯದಲ್ಲಿ. ಬಾಂಗ್ಲಾದೇಶವೂ ಇಂಗ್ಲೆಂಡಿನಿಂದ ಹಮ್ಜಾ ಚೌಧುರಿಯವರನ್ನು ಕರೆತಂದಿತು. ಸರಿ. ಆದರೆ ಢಾಕಾದಲ್ಲಿ ನಮ್ಮ ಬಲೆಗೆ ಚೆಂಡು ತಳ್ಳಿದವನು ಹಮ್ಜಾ ಅಲ್ಲ, ಆ ನೆಲದಲ್ಲೇ ಬೆಳೆದ ಮೊರ್ಸಾಲಿನ್. ಸಾಂಗ್ ಅವರ ಕತೆಯನ್ನಂತೂ ನಮ್ಮ ವಾದಿಗಳು ಪೂರ್ತಿ ಓದಿಲ್ಲ. ಅವರು ಹದಿಹರೆಯದಲ್ಲಿ, 2012ರಲ್ಲಿ, ಸಿಂಗಪುರಕ್ಕೆ ಬಂದು ಅಲ್ಲಿನ ಕ್ಲಬ್ಬೊಂದರ ಕಿರಿಯರ ತಂಡದಲ್ಲಿ ಆಡಿ ಮೇಲೆ ಬಂದವರು, ಪೌರರಾದದ್ದು 2021ರಲ್ಲಿ. ಬೀಜ ಹೊರಗಿನದೇ ಇರಬಹುದು, ಉತ್ತು ನೀರು ಹಾಯಿಸಿದ ಹೊಲ ಅವರದು. ನಾವು ಕೇಳುತ್ತಿರುವುದೋ, ಬೇರೆಯವರ ಹೊಲದಲ್ಲಿ ಮಾಗಿದ ತೆನೆಯನ್ನು!

ಆಸ್ಟ್ರೇಲಿಯದಲ್ಲಿ ಹುಟ್ಟಿ ಬೆಂಗಳೂರಿನ ಕ್ಲಬ್ಬಿಗೆ ಆಡಿದ ರಯಾನ್ ವಿಲಿಯಮ್ಸ್ ತಮ್ಮ ಪೌರತ್ವವನ್ನೇ ಬಿಟ್ಟು 2025ರಲ್ಲಿ ನಮ್ಮವರಾದರು. ಆ ತ್ಯಾಗಕ್ಕೆ ನನ್ನ ನಮಸ್ಕಾರ. ನನ್ನ ಜಗಳ ಅವರ ಮೇಲಲ್ಲ. ಇಂಥವರು ಹತ್ತು ಮಂದಿ ಸಿಕ್ಕರೆ ಹೊಲವೇ ಬೇಡವೆನ್ನುವವರ ಮೇಲೆ.

ಮೊನ್ನೆ ಕಬ್ಬಾಳಿಗೆ ಹೋಗಿದ್ದೆ. ಕಬ್ಬಾಳಮ್ಮನ ದರ್ಶನಕ್ಕೆ ಬಂದ ಕಾರುಗಳ ಸಾಲು ಮುಗಿದಲ್ಲಿ ಒಂದು ತುಂಡು ಬಯಲು. ಅದರಲ್ಲಿ ಏಳೆಂಟು ಹುಡುಗರು ತೆಂಗಿನ ಮಟ್ಟೆ ಹಿಡಿದು ಕ್ರಿಕೆಟ್ ಆಡುತ್ತಿದ್ದರು. "ಫುಟ್‌ಬಾಲ್ ಆಡಲ್ವೇನ್ರೋ?" ಎಂದೆ. "ಚೆಂಡು ಕೊಡ್ಸಿ ಸಾರ್, ಆಡ್ತೀವಿ" ಎಂದನೊಬ್ಬ. ಹಿಂದೆ ಕಬ್ಬಾಳದುರ್ಗ ನಿಂತಿತ್ತು. ಒಂದೇ ಕಡೆಯಿಂದ ಹತ್ತಬಹುದಾದ ಕಡಿದಾದ ಬಂಡೆ. ಹಿಂದೆ ಅರಸರು ತಮಗಾಗದವರನ್ನು ಸೆರೆಯಿಡುತ್ತಿದ್ದ ಜಾಗ. ಅದನ್ನು ಬೆಳಗ್ಗೆ ಹತ್ತಿ ಇಳಿದು ಬಂದಿದ್ದೆವೆಂದು ಹುಡುಗರು ಸಲೀಸಾಗಿ ಹೇಳಿದರು. ನನಗೆ ಅರ್ಧಕ್ಕೇ ಏದುಸಿರು ಬರುತ್ತದೆ. ಕಾಲಿಗೆ ಬರವೆಂದು ಯಾರು ಹೇಳಿದವರು?

ಈ ಸೀಮೆಗೆ ಆಟ ಹೊಸದೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಮೆಲ್ಬರ್ನಿನಲ್ಲಿ 1956ರಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡದಲ್ಲಿ ನಮ್ಮ ಕೆಂಪಯ್ಯ ಇದ್ದರು. ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ದಕ್ಕಿದ್ದು 2023ರ ಮಾರ್ಚಿನಲ್ಲಿ, 54 ವರ್ಷದ ಮೇಲೆ, ಅದೂ ರಿಯಾದಿನಲ್ಲಿ. ಏಷ್ಯಾ ಕಪ್ಪಿಗೆ ನಾವು ಗೊತ್ತುಮಾಡಿಕೊಳ್ಳಲಾರದೆ ಹೋದದ್ದು ಅದೇ ಸೌದಿ ನಾಡಿನ ಟಿಕೆಟ್ಟನ್ನು! ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2017ರ ಅಕ್ಟೋಬರಿನಲ್ಲಿ ಮಕಾವನ್ನು 4-1ರಿಂದ ಸೋಲಿಸಿ 2019ರ ಕಪ್ಪಿಗೆ ಅರ್ಹರಾದಾಗ ಕಡದ ಕಾಲುಗಳ ಮಾತನ್ನು ಈ ಮೇಜುಗಳಲ್ಲಿ ನಾನು ಕೇಳಲಿಲ್ಲ.

ಇನ್ನೊಂದು ಸಂಗತಿಯನ್ನು ನಮ್ಮ ವಾದಿಗಳು ಬಾಯಿಬಿಟ್ಟು ಹೇಳುವುದಿಲ್ಲ. ಗಂಡಸರು ಹಾಂಕಾಂಗಿನಲ್ಲಿ ಸೋತ ಮರುತಿಂಗಳೇ, 2025ರ ಜುಲೈ 5ರಂದು, ನಮ್ಮ ಹೆಣ್ಣುಮಕ್ಕಳ ತಂಡ ಥಾಯ್ಲೆಂಡಿನ ನೆಲದಲ್ಲೇ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹವಾಯಿತು. ಎರಡು ಗೋಲನ್ನೂ ಹೊಡೆದವಳು ಬಂಗಾಳದ ಸಂಗೀತಾ ಬಾಸ್ಫೋರ್. ತರಬೇತುದಾರರೂ ನಮ್ಮವರೇ, ಕ್ರಿಸ್ಪಿನ್ ಛೇತ್ರಿ. ಆ ಮರುದಿನ ಹೋಟೆಲು ಮೇಜುಗಳಲ್ಲಿ ಏನು ಚರ್ಚೆಯಾಯಿತೋ ವಾಚಕರೇ ನೆನಪು ಮಾಡಿಕೊಳ್ಳಲಿ.

ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರ: ಈ ನಾಲ್ಕು ತಾಲ್ಲೂಕುಗಳಲ್ಲಿ ಹದಿಮೂರು ವರ್ಷದೊಳಗಿನವರಿಗೆ ವರ್ಷವಿಡೀ ನಡೆಯುವ ಪಂದ್ಯಾವಳಿ, ಹೋಬಳಿಗೊಂದು ಬೇಲಿಯುಳ್ಳ ಬಯಲು, ಆಡಿಸಲು ಬಲ್ಲ ಒಬ್ಬ ಮೇಷ್ಟ್ರು; ಇಷ್ಟನ್ನು ಮೊದಲು ಕೊಡಲಿ. ಆಮೇಲೂ ಸೋತರೆ ಪರದೇಶಕ್ಕೆ ಕಾಗದ ಬರೆಯುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ. ಸದ್ಯಕ್ಕೆ ಕನಕಪುರದಲ್ಲಿ ಒಂದು ಚೆಂಡು ಕೊಂಡಿಟ್ಟಿದ್ದೇನೆ. ಭಾನುವಾರ ಕಬ್ಬಾಳಿಗೆ ಬಸ್ಸು ಹಿಡಿಯಬೇಕು.