ಸಂಸ್ಥೆಯ ಸ್ವಭಾವವೂ ವಿಮಾನದ ಸುರಕ್ಷೆಯೂ

ಶಹಾಪುರದಲ್ಲೋ ಸುರಪುರದಲ್ಲೋ ಐ.ಟಿ.ಐ. ಮುಗಿಸಿದ ತರುಣನೊಬ್ಬನು ಇಂದು ಯಾದಗಿರಿ ತಾಲ್ಲೂಕಿನ ಬಾಡಿಯಾಳದಲ್ಲಿರುವ ರೈಲ್ವೆ ಬೋಗಿ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸ ಹಿಡಿಯಬಹುದು; ಅಲ್ಲಿ ಎಡೆ ದೊರೆಯದಿದ್ದರೆ ಬೆಳಗಾವಿ ಜಿಲ್ಲೆಯ ಹತ್ತರಗಿಗೆ ಹೋಗಿ ಏರ್‌ಬಸ್ ವಿಮಾನಕ್ಕೆ ಸೇರತಕ್ಕ ಲೋಹಖಂಡಗಳನ್ನು ಕಡೆಯಬಹುದು, ಇಲ್ಲವೆ 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯಲ್ಲಿ ಉದ್ಘಾಟನೆಗೊಂಡ ಹಿಂದುಸ್ತಾನ್ ಏರೋನಾಟಿಕ್ಸಿನ ಹೆಲಿಕಾಪ್ಟರ್ ಕಾರ್ಖಾನೆಯ ಬಾಗಿಲು ತಟ್ಟಬಹುದು. ಇಟ್ಟಿಗೆ ಹೊರಲು ಬೆಂಗಳೂರಿಗೂ ಮುಂಬಯಿಗೂ ಗುಳೆ ಹೋಗುತ್ತಿದ್ದ, ಈಗಲೂ ಹೋಗುತ್ತಿರುವ, ಈ ಯಾದಗಿರಿ ಸೀಮೆಗೆ ಇದು ಸಣ್ಣ ಮಾರ್ಪಾಡಲ್ಲ. ಆದುದರಿಂದ ಕಾರ್ಖಾನೆಯೊಳಗಿನ ನಡೆನುಡಿಗೂ ಆಕಾಶದಲ್ಲಿ ಹಾರುವ ಯಂತ್ರದ ಭದ್ರತೆಗೂ ಏನು ಸಂಬಂಧವೆಂಬ ಪ್ರಶ್ನೆಯನ್ನು ಅಮೆರಿಕೆಯ ಪತ್ರಿಕೆಗಳಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವಂತಿಲ್ಲ.

ವಿಮಾನನಿರ್ಮಾಣದ ವೈಶಿಷ್ಟ್ಯವೆಂದರೆ, ಅದರಲ್ಲಿ ಒಬ್ಬನ ಕೆಲಸವನ್ನು ಮತ್ತೊಬ್ಬನ ಕೆಲಸವು ಮುಚ್ಚಿಬಿಡುತ್ತದೆ. ರಿವೆಟ್ಟಿನ ಮೇಲೆ ಶಾಖನಿರೋಧಕ ಪದರ ಬರುತ್ತದೆ, ಪದರದ ಮೇಲೆ ಒಳಗೋಡೆ ಬರುತ್ತದೆ. ಹೀಗೆ ಮರೆಯಾದ ಕೆಲಸಕ್ಕೆ ಉಳಿಯುವ ಸಾಕ್ಷಿಯು ಮಾಡಿದವನೂ ಪರೀಕ್ಷಿಸಿದವನೂ ದಾಖಲೆಯಲ್ಲಿ ಹಾಕಿದ ಸಹಿಗಳು ಮಾತ್ರ. 2024ರ ಜನವರಿ 5ರಂದು ಪೋರ್ಟ್‌ಲ್ಯಾಂಡಿನಿಂದ ಮೇಲೆದ್ದ ಅಲಾಸ್ಕಾ ಏರ್‌ಲೈನ್ಸಿನ ಬೋಯಿಂಗ್ 737 ಮ್ಯಾಕ್ಸ್ ವಿಮಾನದಲ್ಲಿ ಬಾಗಿಲಿನ ಸ್ಥಾನದ ಮುಚ್ಚಳವೊಂದು ಕಿತ್ತುಹೋದಾಗ, ಅದನ್ನು ಹಿಡಿದಿರಬೇಕಾದ ನಾಲ್ಕು ಬೋಲ್ಟುಗಳು ಅಲ್ಲಿ ಇರಲೇ ಇಲ್ಲವೆಂದು ತನಿಖೆಯವರು ಕಂಡರು. ರೆಂಟನ್ನಿನ ಕಾರ್ಖಾನೆಯಲ್ಲಿ ಹತ್ತಿರದ ರಿವೆಟ್ಟುಗಳನ್ನು ಸರಿಪಡಿಸಲೆಂದು ಆ ಮುಚ್ಚಳವನ್ನು ತೆಗೆದಿದ್ದರು, ತೆಗೆದುದಕ್ಕೆ ದಾಖಲೆಯಿರಲಿಲ್ಲ, ದಾಖಲೆಯಿಲ್ಲದ ಕೆಲಸವನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋರಲಿಲ್ಲ. ಯಾರೂ ಸಾಯಲಿಲ್ಲವೆಂಬುದು ದೈವಯೋಗವೆನ್ನಬೇಕು.

ಅದೇ ಮ್ಯಾಕ್ಸ್ ವಂಶದ ಎರಡು ವಿಮಾನಗಳಿಗೆ ಆ ಯೋಗವಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯದ ಸಮುದ್ರದಲ್ಲಿಯೂ 2019ರ ಮಾರ್ಚಿನಲ್ಲಿ ಇಥಿಯೋಪಿಯದ ನೆಲದ ಮೇಲೆಯೂ ಒಟ್ಟು 346 ಜನರು ಮಡಿದರು. ವಿಮಾನದ ಮೂಗನ್ನು ತಾನಾಗಿ ಕೆಳಕ್ಕೆ ತಳ್ಳುವ ತಂತ್ರವೊಂದು ಒಂದೇ ಒಂದು ಸಂವೇದಕದ ಮಾತನ್ನು ನಂಬಿತ್ತು. ಆ ತಂತ್ರವಿದೆಯೆಂಬ ಸಂಗತಿಯೇ ಮೊದಲ ದುರಂತದವರೆಗೆ ಚಾಲಕರ ಕೈಪಿಡಿಯಲ್ಲಿ ಬಂದಿರಲಿಲ್ಲ. ಚಾಲಕರಿಗೆ ಹೊಸ ಶಿಕ್ಷಣ ಬೇಕಾಗದ ವಿಮಾನವೆಂದು ಮಾರುವ ಆತುರವೇ ಈ ಮೌನಕ್ಕೆ ಕಾರಣ. ಇದಕ್ಕೊಂದು ಹಿನ್ನೆಲೆಯುಂಟು: 1997ರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಎಂಬ ವಿಮಾನ ಕಂಪನಿಯನ್ನು ಕೂಡಿಸಿಕೊಂಡ ಮೇಲೆ, 2001ರಲ್ಲಿ ಬೋಯಿಂಗ್ ಸಂಸ್ಥೆಯು ತನ್ನ ಪ್ರಧಾನ ಕಚೇರಿಯನ್ನು ವಿಮಾನ ಕಟ್ಟುವ ಸಿಯಾಟಲ್ ಸೀಮೆಯಿಂದ ಎತ್ತಿ ಶಿಕಾಗೋಗೆ ಒಯ್ದಿತು. ನಿರ್ಣಯಿಸುವವರಿಗೂ ನಿರ್ಮಿಸುವವರಿಗೂ ನಡುವೆ ಸಾವಿರಕ್ಕೂ ಮಿಕ್ಕಿದ ಮೈಲಿಗಳ ಅಂತರ ಬಿದ್ದಿತು.

ಧನಲೋಭವೇ ಸಕಲ ಅನರ್ಥಗಳಿಗೂ ಮೂಲವೆಂದು ಇಲ್ಲಿಗೇ ಕೈತೊಳೆದುಕೊಂಡರೆ ವಾದವು ಬಹಳ ಸುಲಭವಾಗುತ್ತದೆ. ಆದರೆ ಲಾಭದ ಗಂಧವೇ ಇಲ್ಲದ ಕಡೆಯಲ್ಲಿ ಇದೇ ರೋಗವು ಕಾಣಿಸಿಕೊಂಡುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯುಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ‘ಸಾರಸ್’ ವಿಮಾನದ ಎರಡನೆಯ ಮಾದರಿಯು 2009ರ ಮಾರ್ಚ್ 6ರಂದು ಬಿಡದಿಯ ಬಳಿಯ ಶೇಷಗಿರಿಹಳ್ಳಿಯಲ್ಲಿ ಬಿದ್ದು, ವಾಯುಪಡೆಯ ಇಬ್ಬರು ಪರೀಕ್ಷಾ ಚಾಲಕರೂ ಒಬ್ಬ ಪರೀಕ್ಷಾ ಎಂಜಿನಿಯರರೂ ಅಸುನೀಗಿದರು. ಹಾರುತ್ತಿರುವಾಗಲೇ ಒಂದು ಎಂಜಿನನ್ನು ಬೇಕೆಂದು ನಿಲ್ಲಿಸಿ ಮರಳಿ ಹೊತ್ತಿಸಿ ನೋಡುವ ಪ್ರಯೋಗವು ಅಂದು ನಡೆದಿತ್ತು. ಮರಳಿ ಹೊತ್ತಿಸುವ ಕ್ರಮವೇ ತಪ್ಪಾಗಿತ್ತೆಂದೂ, ಮೊದಲ ಯತ್ನ ವಿಫಲವಾದ ಮೇಲೆ ಪ್ರಯೋಗವನ್ನು ಕೈಬಿಡಬೇಕಾಗಿತ್ತೆಂದೂ, ಪ್ರೊಪೆಲರನ್ನು ತಯಾರಿಸಿದವರನ್ನು ಕೇಳದೆಯೇ ಪ್ರಯೋಗಾಲಯವು ಆ ಕ್ರಮವನ್ನು ಹಾಕಿಕೊಟ್ಟಿತ್ತೆಂದೂ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆಯು ನಿರ್ಣಯಿಸಿತು. ಕೇಳಲಿಲ್ಲ: ಈ ಒಂದು ಕ್ರಿಯಾಪದದಲ್ಲಿ ಇಡೀ ಸಂಸ್ಥೆಯ ಸ್ವಭಾವವು ಅಡಗಿದೆ. ಆ ಪ್ರಯೋಗಾಲಯದಲ್ಲಿ ವಿದ್ವತ್ತಿಗೆ ಕೊರತೆಯಿರಲಿಲ್ಲ, ಷೇರುದಾರರ ಕಾಟವಿರಲಿಲ್ಲ. ಹೊರಗಿನ ಬಲ್ಲವನನ್ನು ವಿಚಾರಿಸದೆ ಮುಂದೆ ಹೆಜ್ಜೆಯಿಡಕೂಡದೆಂಬ ಹಠವೊಂದು ಇದ್ದಿದ್ದರೆ ಸಾಕಾಗಿತ್ತು. ಕಲ್ಪನಾ ಚಾವ್ಲಾ ಮಡಿದ ಕೊಲಂಬಿಯಾ ನೌಕೆಯ ಕಥೆಯೂ ಬೇರೆಯಲ್ಲ: ರೆಕ್ಕೆಗೆ ಬಡಿದ ನೊರೆತುಂಡಿನ ಹಾನಿಯನ್ನು ಕಕ್ಷೆಯಲ್ಲಿಯೇ ಚಿತ್ರ ತೆಗೆಯಿಸಿ ನೋಡೋಣವೆಂದು ಎಂಜಿನಿಯರರು ಬೇಡಿದರು, ಮೇಲಿನವರು ಅಗತ್ಯವಿಲ್ಲವೆಂದರು. ಆ ನೌಕೆಯನ್ನು ಹಾರಿಸಿದುದೂ ಸರಕಾರದ ಸಂಸ್ಥೆಯೇ.

ಹಾಗಾದರೆ ವ್ಯತ್ಯಾಸವು ಎಲ್ಲಿದೆ? ಕೆಟ್ಟ ಸುದ್ದಿಯು ಕೆಳಗಿನಿಂದ ಮೇಲಕ್ಕೆ ಎಷ್ಟು ಬೇಗ, ಎಷ್ಟು ನಿರ್ಭಯವಾಗಿ ಏರಬಲ್ಲುದೆಂಬುದರಲ್ಲಿದೆ ಎಂದು ನನ್ನ ಮತ. ಮೆಡೋಸ್ ಟೇಲರನು ಸುರಪುರ ಸಂಸ್ಥಾನದ ಆಡಳಿತ ನೋಡುತ್ತಿದ್ದಾಗ ವಿಸ್ತರಿಸಿದ ಬೋನಾಳದ ಕೆರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಏರಿಯ ಜಿನುಗನ್ನು ಮೊದಲು ಕಾಣುವವನು ನೀರುಗಂಟಿ, ಗೌಡನ ನಿದ್ದೆ ಕೆಡಿಸಿದರೆ ಬೈಗುಳ ತಪ್ಪದೆಂದು ಅವನು ಬೆಳಗಿನವರೆಗೆ ಕಾದರೆ ಕೆರೆಯು ಕಾಯುವುದಿಲ್ಲ. ಕಾರ್ಖಾನೆಯಲ್ಲಿಯೂ ಬಿರುಕನ್ನು ಕಾಣುವ ಕಣ್ಣು ಅತ್ಯಂತ ಕೆಳಗಿನ ಸಂಬಳದವನದು. ಅದನ್ನು ಬಿರುಕೆಂದು ಒಪ್ಪುವ ಅಧಿಕಾರವು ಅತ್ಯಂತ ಮೇಲಿನ ಸಂಬಳದವನದು. ಇವರಿಬ್ಬರ ನಡುವಿನ ಮೆಟ್ಟಿಲುಗಳಲ್ಲಿ ಪ್ರತಿಯೊಬ್ಬನೂ ಸುದ್ದಿಯನ್ನು ಸ್ವಲ್ಪ ಸ್ವಲ್ಪವಾಗಿ ಸಿಹಿಮಾಡುತ್ತಾ ಹೋದರೆ, ಮೇಲೆ ತಲುಪುವಾಗ ಬಿರುಕು ಗೀರಾಗಿರುತ್ತದೆ.

ಪ್ರತಿಯೊಬ್ಬ ಬೆಸುಗೆಗಾರನಿಗೂ ಕೆಲಸ ನಿಲ್ಲಿಸುವ ಹಕ್ಕು ಕೊಟ್ಟರೆ ವಿಮಾನವು ಹೊರಬರುವುದು ಯಾವಾಗ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪವು ಪೊಳ್ಳಲ್ಲ. ನಿಲ್ಲಿಸಿದುದರ ನಷ್ಟವು ಅಂದಿನ ಲೆಕ್ಕದಲ್ಲಿಯೇ ಕಾಣುತ್ತದೆ. ನಿಲ್ಲಿಸದುದರ ನಷ್ಟವು ವರ್ಷಗಳ ಮೇಲೆ, ಬೇರೆ ವ್ಯವಸ್ಥಾಪಕನ ಕಾಲದಲ್ಲಿ ಕಾಣುತ್ತದೆ. ಆದರೆ ತಾನಾಗಿ ನಿಲ್ಲದವನನ್ನು ಇತರರು ನಿಲ್ಲಿಸುತ್ತಾರೆ: ಅಲಾಸ್ಕಾ ಪ್ರಕರಣದ ಬಳಿಕ ಅಮೆರಿಕೆಯ ವಿಮಾನಯಾನ ನಿಯಂತ್ರಕರು ಬೋಯಿಂಗ್ ಸಂಸ್ಥೆಯು ತಿಂಗಳಿಗೆ 38ಕ್ಕಿಂತ ಹೆಚ್ಚು 737 ವಿಮಾನಗಳನ್ನು ಕಟ್ಟಕೂಡದೆಂದು ಕಟ್ಟಳೆ ವಿಧಿಸಿದರು.

ನಮ್ಮ ಕಡೆಗೆ ಬಂದರೆ, ಭಯವು ಕಾರ್ಖಾನೆಯಲ್ಲಿ ಹುಟ್ಟುವುದಲ್ಲ, ಮನೆಯಿಂದಲೇ ಹೊತ್ತುಕೊಂಡು ಹೋದುದು. ‘ಸಾಹೇಬ್ರ ಎದುರು ಮಾತಾಡಬ್ಯಾಡ’ ಎಂಬ ಬುದ್ಧಿಮಾತನ್ನು ಕೇಳದೆ ಬೆಳೆದ ಹುಡುಗನು ಈ ಜಿಲ್ಲೆಯಲ್ಲಿ ವಿರಳ. ಅದರ ಮೇಲೆ ಗುತ್ತಿಗೆಯ ನೌಕರಿ: ನಾಳೆ ಬರಬೇಡವೆಂದರೆ ಮುಗಿಯಿತು. ಇಂಥವನ ಕೈಗೆ ಗುಣಮಟ್ಟದ ನಿಯಮಪುಸ್ತಕವನ್ನು ಕೊಟ್ಟು, ಗೋಡೆಯ ಮೇಲೆ ‘ಸುರಕ್ಷತೆಯೇ ಮೊದಲು’ ಎಂದು ಬರೆಯಿಸುವುದು ವಿಡಂಬನೆಯೇ ಸರಿ. ಮಾತಾಡಿದವನ ಕೂಲಿ ಉಳಿಯುವುದೆಂಬ ಭರವಸೆಯಿಲ್ಲದ ಕಡೆ ಯಾವ ಪರೀಕ್ಷಾಯಂತ್ರವೂ ಪೂರ್ಣವಾಗಿ ಉಪಯೋಗಕ್ಕೆ ಬಾರದು, ಏಕೆಂದರೆ ಯಂತ್ರವು ತೋರಿಸಿದುದನ್ನು ಓದಿ ಹೇಳಬೇಕಾದವನು ಅವನೇ.

ಕಾರ್ಖಾನೆಗಳ ಒಡೆಯರನ್ನು ತಿದ್ದುವ ಶಕ್ತಿ ನಮಗಿಲ್ಲದಿರಬಹುದು. ನಮ್ಮ ಶಾಲೆಗಳು ನಮ್ಮ ಕೈಯಲ್ಲಿವೆ. ಯಾದಗಿರಿ, ಶಹಾಪುರ, ಸುರಪುರಗಳ ತರಬೇತಿ ಸಂಸ್ಥೆಗಳವರಲ್ಲಿ ನನ್ನದೊಂದೇ ವಿಜ್ಞಾಪನೆ: ಪ್ರಾಯೋಗಿಕ ಪರೀಕ್ಷೆಯಲ್ಲಿ ತನ್ನ ಬೆಸುಗೆಯ ದೋಷವನ್ನು ತಾನೇ ಬೆರಳಿಟ್ಟು ತೋರಿಸಿದ ವಿದ್ಯಾರ್ಥಿಗೆ ಅಂಕವನ್ನು ಕಳೆಯಬೇಡಿರಿ, ಕೂಡಿಸಿರಿ.