ಅಪರೂಪದ ಆಪತ್ತು, ನಿತ್ಯದ ಹೊಣೆ

ಹತ್ತರಗಿಯಿಂದ ಗೋಕಾಕದವರೆಗೆ ಒಂದು ಮಾತು ರೂಢಿಯಾಗಿದೆ: “ನೂರು ವರ್ಷಕ್ಕೊಮ್ಮೆ ಬರುವ ಆಪತ್ತಿಗೆ ಇಂದೇ ಹಣ ಸುರಿಯುವುದೇಕೆ?” ಇದು ಮಿತವ್ಯಯದ ಮಾತಲ್ಲ, ಆಲಸ್ಯಕ್ಕೆ ತೊಡಿಸಿದ ಜಾಣತನದ ಅಂಗಿ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರದೊಳಗೆ ನುಗ್ಗಿತು. 2021ರ ಜುಲೈಯಲ್ಲಿ ಲೋಳಸೂರ ಸೇತುವೆ ಮತ್ತೆ ನೀರಿನಡಿ ಸೇರಿತು. ನೂರು ವರ್ಷದ ಲೆಕ್ಕ ಎರಡೇ ವರ್ಷದಲ್ಲಿ ತಪ್ಪಿತು. ಮಹಾಪೂರದಲ್ಲಿ ಜೀವರಕ್ಷಣೆಗಾಗಿಯೇ ವಿದ್ಯುತ್ತನ್ನು ನಿಲ್ಲಿಸಬೇಕಾಗುತ್ತದೆ. ಆಗ ಕೊಳವೆಬಾವಿಯ ಪಂಪು ನಿಲ್ಲುತ್ತದೆ. ಸುತ್ತ ನೀರಿದ್ದೂ ಕುಡಿಯಲು ಹನಿಯಿರದು.

ಪೂರವಿಲ್ಲದೆಯೂ ಕತ್ತಲು ಬರಬಹುದು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದಾಗ ದಕ್ಷಿಣ ಭಾರತ ಪಾರಾಯಿತು. ಏಕೆಂದರೆ ಅದಿನ್ನೂ ರಾಷ್ಟ್ರೀಯ ಜಾಲದೊಡನೆ ಪೂರ್ಣವಾಗಿ ಬೆಸೆದಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಆ ಬೆಸುಗೆ ಹಾಕಿತು. ಕೊರತೆ ನೀಗುವ ಲಾಭದೊಡನೆ ದೂರದ ದೋಷ ಇಲ್ಲಿಗೆ ತಲುಪುವ ಭಯವೂ ಬಂದಿತು.

“ಸರಕಾರ ನೋಡಿಕೊಳ್ಳಲಿ” ಎಂಬ ನೆಪ ಹುಕ್ಕೇರಿ ತಾಲೂಕಿನವರಿಗಂತೂ ಸಲ್ಲದು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಐದು ಇಂಥ ಸಂಘಗಳಲ್ಲೊಂದು. ಅಲ್ಲಿ ಸದಸ್ಯರೇ ಒಡೆಯರು. ಸಿದ್ಧತೆಯ ಖರ್ಚನ್ನು ಮಂಜೂರು ಮಾಡದ ಒಡೆಯನು ಕತ್ತಲಲ್ಲಿ ಕುಳಿತು ಯಾರನ್ನು ದೂರಬೇಕು?

ವ್ಯಾಪಾರಿಯು ಮುಳುಗುವ ಸಾಲಗಳಿಗೆಂದು ಲಾಭದಲ್ಲಿ ಒಂದು ಪಾಲನ್ನು ತೆಗೆದಿರಿಸುತ್ತಾನೆ. ಯಾವ ಸಾಲಗಾರ ಕೈಕೊಡುವನೆಂದು ಅವನರಿಯನು. ಆದರೂ ಅದನ್ನು ಯಾರೂ ದುಂದು ಎನ್ನುವುದಿಲ್ಲ. ಊರಿನ ಲೆಕ್ಕಕ್ಕೆ ಮಾತ್ರ ಬೇರೆ ನ್ಯಾಯವೇ?

ಕರ್ಮೋದಯವನ್ನು ತಡೆಯಲಾಗದೆನ್ನುವವರೂ ಉಂಟು. ಅವರೂ ರಾತ್ರಿ ಅಂಗಡಿಗೆ ಬೀಗ ಹಾಕಿಯೇ ಮನೆಗೆ ಹೋಗುತ್ತಾರೆ. ತತ್ವಾರ್ಥಸೂತ್ರವು ಹಿಂಸೆಯ ಲಕ್ಷಣದೊಳಗೇ ಪ್ರಮಾದವನ್ನು ಸೇರಿಸಿದೆ. ಕಣ್ಣಿಗೆ ಕಾಣದ ಜೀವಿಗಳಿಗಾಗಿ ನಿತ್ಯ ನೀರನ್ನು ಸೋಸಿ ಕುಡಿಯುವ ಶ್ರಾವಕನು, ಉಸಿರಾಟದ ಯಂತ್ರವನ್ನೇ ನಂಬಿ ಮಲಗಿರುವ ನೆರೆಮನೆಯ ರೋಗಿಯನ್ನು ಮರೆತರೆ ಆ ಸೋಸುವಿಕೆಗೆ ಅರ್ಥವೇನು?

ಹೊಣೆ ಹಂಚಿದಷ್ಟೂ ಹಗುರ. ತಗ್ಗಿನ ಪರಿವರ್ತಕಗಳನ್ನು ಎತ್ತರಕ್ಕೇರಿಸಿ, ಬದಲಿ ಪರಿವರ್ತಕಗಳನ್ನು ದಾಸ್ತಾನಿಡುವುದು ಸಂಘದ ಕೆಲಸ. ಒಂದು ಕೊಳವೆಬಾವಿಗಾದರೂ ಡೀಸೆಲ್ ಜನರೇಟರ್ ಜೋಡಿಸಿ, ತಿಂಗಳಿಗೊಮ್ಮೆ ನಡೆಸಿ ನೋಡುವುದು ಪಂಚಾಯಿತಿಯ ಕೆಲಸ. ಎರಡು ದಿನದ ನೀರು, ಒಂದು ದೀಪ, ನೆರೆಯ ವೃದ್ಧರ ನೆನಪು — ಇವು ಪ್ರತಿ ಮನೆಯ ಕೆಲಸ. ಆಪತ್ತು ಬಾರದಿದ್ದರೆ ಈ ಹಣ ವ್ಯರ್ಥವೆಂದು ಹಳಿಯುವವರು ಇದ್ದೇ ಇರುತ್ತಾರೆ. ಹಳಿಯಲಿ. ಕತ್ತಲಾದ ಮೇಲೆ ಬತ್ತಿ ಹೊಸೆಯುವುದಕ್ಕಿಂತ ಆ ನಿಂದೆಯೇ ಲೇಸು.